ನಾಗಲಕ್ಷ್ಮಮ್ಮನ ಹಸಿರು ಚೌಕ

“ನಿನ್ನ ಮಗ್ಗ ಓಡ್ತಾ ಇದೆಯೋ ನಿಂತಿದೆಯೋ ಅಂತ ನೀನು ಯಾರನ್ನೂ ಕೇಳೋ ಗತಿ ಬರಲ್ಲ ಕಣಕ್ಕ. ಇದು ನಾನು ಕೊಡೋ ಮಾತು.”

ನಮ್ಮ ಮಾವ ವೆಂಕಟರಮಣಪ್ಪನವರು ನಾಗಲಕ್ಷ್ಮಮ್ಮನ ಮನೆಯ ಜಗಲಿಯ ಮೇಲೆ ಕೂತು ಹೀಗೆ ಹೇಳಿದಾಗ ನಾನು ದೊಡ್ಡಬಳ್ಳಾಪುರದ ಈ ಬೀದಿಗೆ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ನನ್ನ ಮಗಳು ಮೇಘನ ಹುಟ್ಟಿರಲಿಲ್ಲ. ಈಗ ಅವಳು ನಾಲ್ಕನೇ ಕ್ಲಾಸು. ಅಷ್ಟು ಹಳೆಯ ಮಾತು.

ಆಗ ನಾಗಲಕ್ಷ್ಮಮ್ಮನ ಎರಡು ಕರೆಂಟ್ ಮಗ್ಗವೂ ಅವರ ಮನೆಯಲ್ಲೇ ಇದ್ದವು. ಮುಂದಿನ ಅರ್ಧ ಮನೆಯಲ್ಲಿ ಮಗ್ಗ, ಹಿಂದಿನ ಅರ್ಧದಲ್ಲಿ ಅಡುಗೆ, ಹಾಸಿಗೆ, ದೇವರು. ಗಂಡ ತೀರಿಕೊಂಡ ಮೇಲೆ ಆಳಿಟ್ಟು ನೇಯಿಸುತ್ತಿದ್ದರು. ಒಲೆಯ ಮುಂದೆ ಕೂತೇ ಮಗ್ಗ ಕಾಯುತ್ತಿದ್ದರು. ಸದ್ದು ನಿಂತರೆ ಸೌಟು ಕೆಳಗಿಟ್ಟು ಬಂದು ನೋಡುತ್ತಿದ್ದರು, ಅಷ್ಟೇ. ಸದ್ದಿನಲ್ಲೇ ನಿದ್ದೆ, ಸದ್ದು ನಿಂತರೆ ಎಚ್ಚರ.

ಆ ವರ್ಷ ನಮ್ಮ ಬೀದಿಯವರೆಲ್ಲ ಸೇರಿ ಊರಾಚೆ ಒಂದು ದೊಡ್ಡ ಶೆಡ್ ಹಾಕಿಸಿದರು. ಎಲ್ಲರ ಮಗ್ಗಗಳಿಗೂ ಕಂಪ್ಯೂಟರ್ ಜಕಾರ್ಡ್ ಕೂರಿಸುವುದೆಂದಾಯಿತು. ಸೀರೆಯ ಹೂವು ಬಳ್ಳಿಯ ವಿನ್ಯಾಸವನ್ನು ಮೊದಲು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮಾಲೆ ಕಟ್ಟುತ್ತಿದ್ದರು. ಇನ್ನು ಮೇಲೆ ಅದು ಒಂದು ಕೋಣೆಯ ಕಂಪ್ಯೂಟರಿನಿಂದ ವಯರಿನಲ್ಲಿ ಮಗ್ಗಕ್ಕೆ ಹರಿದು ಬರುತ್ತದೆ. ಆದರೆ ಆ ಹೊಸ ಜಕಾರ್ಡು ಮಗ್ಗದ ತಲೆಯ ಮೇಲೆ ಕೂರುವಂಥದ್ದು, ಎತ್ತರ. ನಾಗಲಕ್ಷ್ಮಮ್ಮನ ಮನೆಯ ಸೂರು ಅದಕ್ಕೆ ಸಾಲುವಂತಿರಲಿಲ್ಲ. ಮಗ್ಗ ಶೆಡ್ಡಿಗೆ ಕಳಿಸಬೇಕು, ಇಲ್ಲವೇ ಹಳೆಯ ಕಾರ್ಡುಗಳಲ್ಲೇ ಕೊಳೆಯಬೇಕು.

“ನಾನು ಕಾಣದ ಜಾಗದಲ್ಲಿ ನನ್ನ ಮಗ್ಗ ಏನು ಮಾಡ್ತದೋ ಯಾವನಿಗ್ಗೊತ್ತು?” ಎಂದು ಅವರು ಪಟ್ಟು ಹಿಡಿದಾಗ ಮಾವ ಆ ಮಾತು ಕೊಟ್ಟರು. ಶೆಡ್ಡಿನ ಸಂಘಕ್ಕೆ ಅವರೇ ಅಧ್ಯಕ್ಷರು. ಕೊಟ್ಟ ಮಾತಿಗೆ ದಾರಿಯನ್ನೂ ಹುಡುಕಿದರು.

ದಾರಿ ಅಂದರೆ ಡಬ್ಬ. ಶೆಡ್ಡಿನ ಎಲ್ಲ ಮಗ್ಗಗಳ ವಯರುಗಳೂ ಬಂದು ಸೇರುವ ಕಪ್ಪು ಪೆಟ್ಟಿಗೆಯೊಂದು ಡಿಸೈನ್ ಕೋಣೆಯ ಗೋಡೆಯ ಮೇಲಿದೆ. ನೆಟ್‌ವರ್ಕ್ ಸ್ವಿಚ್ ಎನ್ನುವುದು ಅದರ ಹೆಸರು. ನಮ್ಮಲ್ಲಿ ಯಾರೂ ಹಾಗನ್ನುವುದಿಲ್ಲ, ಡಬ್ಬ ಅಂತಲೇ. ಅದನ್ನು ನೋಡಿಕೊಳ್ಳುವುದಕ್ಕೆ ಅದರೊಳಗೇ ಒಂದು ತಂತ್ರಾಂಶ ಇರುತ್ತದೆ. ಬ್ರೌಸರಿನಲ್ಲಿ ವಿಳಾಸ ಹಾಕಿ ಪಾಸ್‌ವರ್ಡ್ ಕೊಟ್ಟರೆ ಡಬ್ಬದ ಚಿತ್ರ ಬರುತ್ತದೆ. ಒಂದೊಂದು ವಯರಿಗೆ ಒಂದೊಂದು ಪುಟ್ಟ ಚೌಕ. ವಿನ್ಯಾಸ ಹರಿಯುತ್ತಿದ್ದರೆ ಆ ಚೌಕ ಹಸಿರಾಗಿ ಮಿನುಗುತ್ತದೆ, ನಿಂತರೆ ಬೂದಿ ಬಣ್ಣ. ಮಾವ ಲೈನ್ ಎಳೆಯಲು ಬಂದವರ ಬೆನ್ನು ಬಿದ್ದು, ಪ್ರತಿ ಚೌಕದ ಕೆಳಗೆ ಮಗ್ಗದವರ ಹೆಸರು ಬರೆಸಿ, ಆ ಪುಟ ಮನೆಯ ಫೋನಿನಲ್ಲೂ ತೆರೆಯುವ ಹಾಗೆ ಮಾಡಿಸಿದರು. ಎಲ್ಲರಿಗೂ ಒಂದೇ ಪಾಸ್‌ವರ್ಡು. ನಾಗಲಕ್ಷ್ಮಮ್ಮನಿಗೆ ಮಗಳು ದಿವ್ಯ ಒಂದು ಫೋನು ತಂದುಕೊಟ್ಟಳು. ಅಂದಿನಿಂದ ಅವರ ಕೈಯಲ್ಲಿ ಎರಡು ಹಸಿರು ಚೌಕ.

ಡಿಸೈನ್ ಕೋಣೆಯ ಕೆಲಸ ನನ್ನ ಪಾಲಿಗೆ ಬಂತು. ಡಿಪ್ಲೊಮಾ ಓದಿದವಳು ಬೀದಿಯಲ್ಲಿ ನಾನೊಬ್ಬಳೇ. ಡಬ್ಬ ಕೆಟ್ಟರೂ ಅನಿತ, ಫ್ಯಾನು ಕೆಟ್ಟರೂ ಅನಿತ. ನನ್ನ ಗಂಡ ರಾಜೇಂದ್ರ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದಾರೆ, ಅವರು ಮನೆಗೆ ಬರುವಾಗ ನಾನು ಹೊರಟಿರುತ್ತೇನೆ. ಮೇಘನ ಸ್ಕೂಲಿಂದ ನೇರ ನಾಗಲಕ್ಷ್ಮಮ್ಮನ ಮನೆಗೆ ಹೋಗಿ, ನಾನು ಬರುವ ತನಕ ಅಲ್ಲೇ ಇರುತ್ತಾಳೆ. ಆ ಮನೆಯ ಚಿತ್ರಾನ್ನ ತಿಂದೇ ಅವಳು ಬೆಳೆದಳು ಎಂದರೆ ಸುಳ್ಳಲ್ಲ.

ಈ ವರ್ಷ ಡಬ್ಬ ಬೀಳಲು ಶುರುವಾಯಿತು.

ಬೀಳುವುದೆಂದರೆ, ಇದ್ದಕ್ಕಿದ್ದ ಹಾಗೆ ಡಬ್ಬದ ದೀಪಗಳೆಲ್ಲ ಒಟ್ಟಿಗೆ ಆರಿ, ಸ್ವಲ್ಪ ಹೊತ್ತಿನ ಮೇಲೆ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಆ ನಡುವೆ ಯಾವ ಮಗ್ಗಕ್ಕೂ ವಿನ್ಯಾಸ ಹೋಗುವುದಿಲ್ಲ. ಎಲ್ಲ ಮಗ್ಗ ನಡುಹೂವಿನಲ್ಲಿ ನಿಂತುಬಿಡುತ್ತವೆ. ಮತ್ತೆ ಓಡಿಸಿದರೆ ನಿಂತ ಜಾಗದಲ್ಲಿ ಸೀರೆಯ ಅಡ್ಡಕ್ಕೆ ತೆಳ್ಳಗೆ ಒಂದು ಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಯಾರಿಗಾದರೂ ಕಾಣುವ ಗೆರೆ. ಗೆರೆ ಬಿದ್ದ ಸೀರೆ ಸೆಕೆಂಡ್ಸಿಗೆ, ಅಂದರೆ ಕಡಿಮೆ ಬೆಲೆಯ ಮಾಲಿಗೆ, ಹೋಗುತ್ತದೆ.

ಒಂದು ಶುಕ್ರವಾರ ಬೆಳಿಗ್ಗೆ ಹೀಗೇ ಆಯಿತು. ಪೂಜೆ ಮುಗಿದು, ಶೆಡ್ಡಿನ ಬಾಗಿಲ ಹೊರಗೆ ಸಿಕ್ಕಿಸಿದ್ದ ಊದುಬತ್ತಿಯ ಹೊಗೆ ಇನ್ನೂ ಇತ್ತು. ಅಷ್ಟು ಮಗ್ಗಗಳ ಸದ್ದು ಒಂದೇ ಸಲಕ್ಕೆ ನಿಂತರೆ ಕಿವಿಯೊಳಗೆ ಏನೋ ಕಳಚಿ ಬಿದ್ದ ಹಾಗಾಗುತ್ತದೆ. ಹೊರಗಡೆಯ ಕಾಗೆಯ ಕೂಗು ಕೇಳಿಸಿತು.

“ಅನಿತಮ್ಮಾ, ನಿಮ್ಮ ಡಬ್ಬಕ್ಕೆ ಶುಕ್ರವಾರ ಉಪವಾಸವಾ?” ಎಂದು ಪಿಳ್ಳಣ್ಣ ಕೂಗಿದ. ನಾಗಲಕ್ಷ್ಮಮ್ಮನ ಎರಡು ಮಗ್ಗ ನೇಯುವವನು ಅವನೇ. “ವಾರವೆಲ್ಲಾ ಚೆನ್ನಾಗಿದ್ದು ಪೂಜೆ ಆದ ತಕ್ಷಣ ಮಲಗ್ತದೆ ನೋಡಿ.”

“ಸುಮ್ನಿರೋ ಪಿಳ್ಳಣ್ಣ, ನನಗೆ ಇಲ್ಲಿ ತಲೆ ಕೆಟ್ಟಿದೆ.”

“ನಾನ್ ಸುಮ್ನಿರ್ತೀನಿ. ಅಗೋ, ಫೋನ್ ಬಂತು. ಅಮ್ಮಾವ್ರು ಸುಮ್ನಿರಲ್ಲ.” ಅವನು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಅಷ್ಟು ದೂರಕ್ಕೂ ನಾಗಲಕ್ಷ್ಮಮ್ಮನ ದನಿ ಕೇಳುತ್ತಿತ್ತು. “ಬೂದಿ ಆಗೋಯ್ತಲ್ಲೋ! ಏನೋ ಮಾಡ್ತಿದ್ದೀಯಾ ಅಲ್ಲಿ?” ಪಿಳ್ಳಣ್ಣ ನನ್ನ ಕಡೆ ನೋಡಿ, “ನಾನೇ ಹೋಗಿ ಊದಿ ಆರಿಸ್ದೆ ಅಂತ ಹೇಳ್ಬಿಡ್ಲಾ?” ಎಂದು ನಕ್ಕ.

ಅವನು ತಮಾಷೆಗೆ ಹೇಳಿದ ಶುಕ್ರವಾರ ನನ್ನ ತಲೆಯಲ್ಲಿ ಕೂತಿತು. ಹಿಂದಿನ ಸಲ ಬಿದ್ದದ್ದೂ ಶುಕ್ರವಾರ, ಅದರ ಹಿಂದಿನದೂ. ಮಾವನಿಗೆ ಯಾರೋ ಬೇಕಂತಲೇ ಮಾಡುತ್ತಿದ್ದಾರೆ ಎಂಬ ಅನುಮಾನ. “ನಮ್ಮ ಶೆಡ್ ಕಂಡ್ರೆ ಆಗ್ದೋರು ಇದ್ದಾರಮ್ಮ. ಲೈನೊಳಗೆ ನುಗ್ಗಿ ಏನೋ ಮಾಡ್ತಾರೆ. ಪೇಪರ್‌ನಲ್ಲಿ ಓದಲ್ವಾ ನೀನು?” ನನಗೂ ಹಾಗೆ ಅನ್ನಿಸದೇ ಇರಲಿಲ್ಲ. ಆದರೆ ಕಳ್ಳ ವಾರ ನೋಡಿ ಬರುತ್ತಾನೆಯೇ?

ಬೆಂಗಳೂರಿನಲ್ಲಿ ನಂದಕುಮಾರ್ ಎಂಬ ಇಂಜಿನಿಯರ್ ಇದ್ದಾರೆ. ಡಬ್ಬ ಮಾರಿದ ಅಂಗಡಿಯ ಕಡೆಯವರು. ಅವರಿಗೆ ಫೋನ್ ಮಾಡಿ, ಅವರು ಕೇಳಿದ ಫೈಲುಗಳನ್ನೆಲ್ಲ ಕಳಿಸಿದೆ. ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ ಅವರ ಫೋನು ಬಂತು.

“ಮೇಡಂ, ಈ ಮ್ಯಾನೇಜ್‌ಮೆಂಟ್ ಪೇಜು ಹೊರಗಡೆಯಿಂದ ಓಪನ್ ಆಗ್ತಿದೆಯಲ್ಲ?”

“ಹೌದು ಸರ್. ಅದಿರೋದೇ ಅದಕ್ಕೆ. ಮಗ್ಗದ ಓನರ್‌ಗಳು ಮನೇಲಿ ಕೂತು ನೋಡ್ತಾರೆ.”

“ಮನೇಲಿ ಕೂತು... ಸ್ವಿಚ್ ನೋಡ್ತಾರೆ.”

“ಹೂಂ, ಹಸಿರಿದೆಯಾ ಅಂತ.”

“ಇಷ್ಟು ವರ್ಷದಲ್ಲಿ ಇದನ್ನ ಫಸ್ಟ್ ಟೈಮ್ ಕೇಳ್ತಿದ್ದೀನಿ ಮೇಡಂ. ನಮ್ಮ ಮನೇಲೂ ಯಾರೂ ಟಿವಿ ಬಿಟ್ಟು ಸ್ವಿಚ್ ನೋಡಿದ್ದು ನಾ ಕಾಣೆ.” ಅವರು ನಕ್ಕರು, ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು.

ಡಬ್ಬಕ್ಕೆ ಯಾರೂ ನುಗ್ಗಿರಲಿಲ್ಲ. ಡಬ್ಬದ ತಂತ್ರಾಂಶದಲ್ಲೇ ಒಂದು ದೋಷವಿತ್ತು. ಛತ್ರದಲ್ಲಿ ಊಟಕ್ಕೆ ಕೂತವರ ಹಾಗೆ ಅಂದುಕೊಳ್ಳಿ, ಎಂದರು. ಪುಟ ತೆರೆದವರಿಗೆಲ್ಲ ಅದು ಒಂದೊಂದು ಎಲೆ ಹಾಕುತ್ತದೆ. ಹೊರಗೆ ಹೋಗುವ ಬಟನ್ ಒತ್ತಿದರೆ ಎಲೆ ತೆಗೆಯುತ್ತದೆ. ಒತ್ತದೇ ಹೋದವರ ಎಲೆಯನ್ನು ಒಂದಷ್ಟು ಹೊತ್ತು ಕಾದು ತಾನೇ ತೆಗೆಯಬೇಕು. ಈ ಡಬ್ಬ ತೆಗೆಯುವುದೇ ಇಲ್ಲ. ಎದ್ದು ಹೋದವರ ಎಲೆಯೂ ಹಾಗೇ ಇರುತ್ತದೆ. ಪಂಕ್ತಿ ತುಂಬಿದ ಮೇಲೆ ಇನ್ನೊಬ್ಬರು ಬಂದರೆ, ಕಾಯಿರಿ ಅನ್ನಬೇಕಲ್ಲ? ಅದು ಅನ್ನುವುದಿಲ್ಲ. ತಾನೇ ಕುಸಿದುಬೀಳುತ್ತದೆ, ಬೀಳುವಾಗ ಅಡುಗೆಮನೆಯನ್ನೂ ಎಳೆದುಕೊಂಡು ಬೀಳುತ್ತದೆ. ಮತ್ತೆ ಎದ್ದಾಗ ಪಂಕ್ತಿ ಖಾಲಿ. ವಾರದಲ್ಲಿ ಪುನಃ ತುಂಬುತ್ತದೆ.

“ಡಿನೈಯಲ್ ಆಫ್ ಸರ್ವಿಸ್ ಅಂತಾರೆ ಇದಕ್ಕೆ, ಜನ ನುಗ್ಗಿಸಿ ಯಾರಿಗೂ ಸೇವೆ ಸಿಗದ ಹಾಗೆ ಮಾಡೋದು. ಸಾಮಾನ್ಯವಾಗಿ ಶತ್ರುಗಳು ಮಾಡೋ ಕೆಲಸ. ನಿಮ್ಮಲ್ಲಿ ಮನೆಯವರೇ ಮಾಡ್ತಿದ್ದಾರೆ,” ಎಂದರು ನಂದಕುಮಾರ್. “ಕಂಪನಿಯವರು ಎಚ್ಚರಿಕೆ ಹಾಕಿದ್ದಾರೆ. ಆದ್ರೆ ನಿಮ್ಮದು ಹಳೇ ಮಾಡೆಲ್, ಇದಕ್ಕೆ ರಿಪೇರಿ ಕೊಡಲ್ವಂತೆ. ಇರೋ ದಾರಿ ಒಂದೇ. ಆ ಪೇಜನ್ನ ಹೊರಗಿನವರಿಗೆ ಮುಚ್ಚಿಬಿಡಿ. ನಿಮ್ಮ ಕೋಣೆಯ ಕಂಪ್ಯೂಟರಿಗೆ ಮಾತ್ರ ತೆರೀಬೇಕು.”

“ಎಲ್ಲರೂ ಮರೀದೆ ಹೊರಗೆ ಹೋಗೋ ಬಟನ್ ಒತ್ತಿದ್ರೆ ಸಾಲದಾ?”

“ನಿಮ್ಮವರು ಒತ್ತುತ್ತಾರೆ. ದಾರೀಲಿ ಹೋಗೋನು ಒತ್ತುತ್ತಾನಾ? ಪಾಸ್‌ವರ್ಡ್ ಇಲ್ದಿದ್ರೂ ಪೇಜು ತೆರೆದ್ರೆ ಸಾಕು, ಎಲೆ ಬಿತ್ತು. ಈ ದೋಷ ಗೊತ್ತಿರೋ ಯಾರೇ ಆದ್ರೂ ಕಾಫಿ ಕುಡಿಯೋಷ್ಟರಲ್ಲಿ ನಿಮ್ಮ ಶೆಡ್ ನಿಲ್ಲಿಸ್ಬೋದು.”

“ಒಬ್ಬರಿಗೆ ಮಾತ್ರ ತೆರೆದಿಡಕ್ಕೆ ಆಗಲ್ವಾ?” ನನಗೇ ಕೇಳದಷ್ಟು ಮೆಲ್ಲಗೆ ಕೇಳಿದೆ.

“ಮೊಬೈಲಿನ ನೆಟ್ ವಿಳಾಸ ದಿನಾ ಬದಲಾಗ್ತದೆ ಮೇಡಂ. ಒಬ್ಬರಿಗೆ ಬಾಗಿಲು ತೆಗೆದ್ರೆ ಊರಿಗೇ ತೆಗೆದ ಹಾಗೆ.”

ಡಬ್ಬಿಯ ಅನ್ನ ಆರಿಹೋಗಿತ್ತು.

ಸಂಜೆ ಮೇಘನಳನ್ನು ಕರೆತರಲು ಹೋದೆ. ನಾಗಲಕ್ಷ್ಮಮ್ಮ ಕಾಲು ನೀಡಿಕೊಂಡು ಗೋಡೆಗೆ ಒರಗಿದ್ದರು. ಮಂಡಿನೋವು ಅವರನ್ನು ಹೊಸ್ತಿಲ ಒಳಗೇ ಕಟ್ಟಿಹಾಕಿ ಬಹಳ ಕಾಲವಾಯಿತು. ಶೆಡ್ಡಿನ ತನಕ ಬರುವ ಮಾತೇ ಇಲ್ಲ. ಮೇಘನ ಅವರ ಪಕ್ಕದಲ್ಲಿ ಕೂತು ಅವರ ಫೋನು ಹಿಡಿದು ಲೆಕ್ಕ ಬಿಡಿಸುವ ಹಾಗೆ ಹುಬ್ಬು ಗಂಟಿಕ್ಕಿದ್ದಳು.

“ಅಮ್ಮಾ, ಅಜ್ಜಿ ಫೋನಲ್ಲಿ ನೋಡು, ಮಗ್ಗದ ಪೇಜು ಎಷ್ಟೊಂದಿದೆ! ಉಜ್ಜಿದ್ರೆ ಬರ್ತಾನೇ ಇದೆ, ಬರ್ತಾನೇ ಇದೆ. ಒಂದೂ ಕ್ಲೋಸ್ ಮಾಡೇ ಇಲ್ಲ.”

“ಮಾಡ್ಬೇಡ ಕಣೆ! ಕೊಡಿಲ್ಲಿ,” ಎಂದು ನಾಗಲಕ್ಷ್ಮಮ್ಮ ಫೋನು ಕಸಿದುಕೊಂಡರು.

“ದೊಡ್ಡಮ್ಮ, ಯಾಕೆ ಮುಚ್ಚಲ್ಲ ಇದನ್ನ?” ಎಂದೆ ನಾನು.

“ಮುಚ್ತಾರೇನೆ?” ನನಗೆ ಇಷ್ಟೂ ತಿಳಿಯದಲ್ಲ ಎನ್ನುವ ಹಾಗೆ ನೋಡಿದರು. “ನಮ್ಮತ್ತೆ ಕಾಲದಿಂದ ಶುಕ್ರವಾರ ಮಗ್ಗದ ಮುಂದೆ ದೀಪ ಹಚ್ತೀವಿ. ಹಚ್ಚಿದ ದೀಪಾನ ಕೈಯಾರೆ ಆರಿಸಬಾರದು. ಎಣ್ಣೆ ತೀರಿ ತಾನೇ ಶಾಂತ ಆಗ್ಬೇಕು. ನಿಮ್ಮ ಮಾವ ಏನ್ ಮಾಡ್ದ? ಶೆಡ್ಡಲ್ಲಿ ದೀಪ ಬೇಡ, ದೂಳಿಗೆ ಬೆಂಕಿ ಹಿಡೀತದೆ ಅಂದ. ಸರಿ ಅಂದೆ. ಈಗ ನನ್ನ ಶುಕ್ರವಾರದ ದೀಪ ಇದೇ. ಸ್ನಾನ ಮಾಡಿ, ದೇವರಿಗೆ ಕೈ ಮುಗ್ದು, ಹೊಸದಾಗಿ ಒಂದು ತೆಗೀತೀನಿ. ಹಳೇದನ್ನ ಮುಚ್ಚಲ್ಲ. ಈ ವರ್ಷ ಬೀದಿಯೋರಿಗೆಲ್ಲ ಹಾಗೇ ಹೇಳ್ಕೊಟ್ಟಿದ್ದೀನಿ. ಅಮ್ಮಯಮ್ಮ ಅಂತೂ ಶುಕ್ರವಾರ ಒಂದು, ಮಂಗಳವಾರ ಒಂದು.”

ನಾನು ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟೆ. ವಾರವಿಡೀ ದಿನಕ್ಕಿಷ್ಟು ಎಂದು ತೆರೆದ ಪುಟಗಳು, ಒಂದೂ ಮುಚ್ಚಿಲ್ಲ. ಶುಕ್ರವಾರ ಬೆಳಿಗ್ಗೆ ಪೂಜೆಯ ಹೊತ್ತಿಗೆ ಇಡೀ ಬೀದಿಯ ಹೆಂಗಸರು ಒಟ್ಟಿಗೆ ಇನ್ನೊಂದೊಂದು ತೆರೆಯುತ್ತಾರೆ. ಡಬ್ಬ ಬೀಳದೆ ಏನು ಮಾಡೀತು.

“ಏನಾಯ್ತೆ? ಮುಖ ಯಾಕೆ ಹಂಗಾಯ್ತು?”

“ಏನಿಲ್ಲ ದೊಡ್ಡಮ್ಮ. ಕಾಲು ನೋವು,” ಎಂದೆ. ಕಾಲೂ ನೋಯುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ಮಾವನಿಗೆ ಎಲ್ಲ ಹೇಳಿದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

“ಹಂಗಾದ್ರೆ ಹೊರಗಿನೋರು ಯಾರೂ ಅಲ್ವಾ,” ಎಂದರು. ಅವರಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು. ಆಮೇಲೆ, “ಮುಚ್ಚಲೇಬೇಕಾ?”

“ಮುಚ್ಚಲೇಬೇಕು ಮಾವ. ನಾನು ಬೇರೆ ಒಂದು ಪುಟ ಮಾಡ್ಬೋದು. ಒಂದು ಸಣ್ಣ ಕಂಪ್ಯೂಟರು ಆಗಾಗ ಡಬ್ಬಾನ ಕೇಳ್ಕೊಂಡು ಬಂದು ಎಲ್ಲರಿಗೂ ಹೇಳೋ ಹಾಗೆ. ಆದ್ರೆ ಅದಕ್ಕೆ ದಿನ ಹಿಡೀತದೆ. ನನ್ನ ಕೆಲಸದ ನಡುವೆ ಯಾವಾಗ ಆಗ್ತದೋ ಹೇಳಕ್ಕಾಗಲ್ಲ. ಅಲ್ಲೀತನಕ ಶೆಡ್ಡು ಬೀಳ್ತಾ ಇರಕ್ಕೂ ಆಗಲ್ಲ.”

“ಅಕ್ಕ ಮಗ್ಗ ವಾಪಸ್ ಕೇಳ್ತಾಳೆ.”

“ಕೇಳ್ತಾರಾ?”

“ಅವತ್ತೇ ಹೇಳಿದ್ದಳು. ಕಣ್ಣಿಗೆ ಕಾಣೋ ತನಕ ಇರ್ಲಿ, ಕಾಣದಿದ್ದ ದಿನ ಮನೆಗೆ ಅಂತ. ನಾನು ಒಪ್ಕೊಂಡಿದ್ದೆ.” ಮಾವ ತಟ್ಟೆ ನೋಡುತ್ತ ಕೂತರು. ಮಗ್ಗ ಮನೆಗೆ ಹೋದರೆ ಹೊಸ ಜಕಾರ್ಡು ಇಳಿಸಬೇಕು. ಹಳೆಯ ಕಾರ್ಡುಗಳನ್ನು ಕಟ್ಟುವವರು ಈಗ ಊರಲ್ಲಿ ಇಲ್ಲ. ಆ ಮಗ್ಗಗಳು ಸಾದಾ ಸೀರೆಗೂ ಸಾಲದೆ ಬಟ್ಟೆ ಹೊದ್ದು ಕೂರುತ್ತವೆ. ಅದು ನನಗೂ ಗೊತ್ತು, ಮಾವನಿಗೂ ಗೊತ್ತು, ನಾಗಲಕ್ಷ್ಮಮ್ಮನಿಗೂ ಗೊತ್ತು. ಗೊತ್ತಿದ್ದೂ ತರಿಸಿಕೊಳ್ಳುವ ಹೆಂಗಸು ಅವರು.

“ಹೇಳದೆ ಮುಚ್ಬೇಡ,” ಎಂದರು ಮಾವ. “ನಾನೇ ಬರ್ತೀನಿ.”

ಮಾರನೆಯ ದಿನ ಇಬ್ಬರೂ ಹೋದೆವು. ಹೋಗುವ ದಾರಿಯುದ್ದಕ್ಕೂ ಮಾವ ಹೇಗೆ ಹೇಳಬೇಕೆಂದು ನನಗೆ ಪಾಠ ಒಪ್ಪಿಸಿದರು. ಜಗಲಿಯ ಮೇಲೆ ಕೂತ ಮೇಲೆ ಮಳೆಯ ವಿಷಯ ಮಾತಾಡಿದರು, ರೇಷ್ಮೆ ನೂಲಿನ ವಿಷಯ ಮಾತಾಡಿದರು, ದಿವ್ಯಳಿಗೆ ಗಾರ್ಮೆಂಟ್ಸಿನಲ್ಲಿ ಶಿಫ್ಟು ಬದಲಾಯಿತಂತಲ್ಲ ಎಂದರು.

“ವೆಂಕಟರಮಣಾ,” ಎಂದರು ನಾಗಲಕ್ಷ್ಮಮ್ಮ, “ನೀನು ಹೆಣ್ಣು ಕೇಳಕ್ಕೆ ಬಂದೋನ ಥರ ಕೂತಿದ್ದೀಯ. ಬಂದಿದ್ದೇನು ಹೇಳು.”

ಮಾವ ನನ್ನ ಕಡೆ ನೋಡಿದರು. ಕೊನೆಗೆ ನಾನೇ ಹೇಳಿದೆ. ಛತ್ರ, ಪಂಕ್ತಿ, ಎಲೆ ಎಲ್ಲ ಹೇಳಿದೆ. ದೀಪದ ವಿಷಯ ಬಂದಾಗ ಅವರ ಮುಖ ಒಂದು ಗಳಿಗೆ ಬೇರೆಯಾಯಿತು.

“ಅಂದ್ರೆ ನನ್ನ ದೀಪದಿಂದಲೇ ಶೆಡ್ ನಿಲ್ತಿತ್ತಾ?”

“ನಿಮ್ಮಿಂದ ಅಲ್ಲ ದೊಡ್ಡಮ್ಮ. ಡಬ್ಬ ಮಾಡಿದೋರ ತಪ್ಪು. ಎಷ್ಟು ಜನ ಬಂದ್ರೂ ತಡೆಯೋ ಹಾಗೆ ಅವರು ಮಾಡ್ಬೇಕಿತ್ತು.”

“ಅದು ಸರಿ. ಬಂದೋರಿಗೆ ಜಾಗ ಇಲ್ಲ ಅನ್ನಕ್ಕೆ ಬಾಯಿಲ್ದೆ ಬಿದ್ದೋಗೋದು ಅದೆಂಥ ಡಬ್ಬ.” ಫೋನನ್ನು ಸೆರಗಿನಲ್ಲಿ ಒರೆಸಿದರು. ಎರಡು ಚೌಕವೂ ಮಿನುಗುತ್ತಿದ್ದವು. “ಮುಚ್ಚು ನೀನು. ನಾಕು ಜನದ ಸೀರೆ ಹಾಳು ಮಾಡಿ ನನಗೇನೂ ಆಗ್ಬೇಕಿಲ್ಲ. ಆದ್ರೆ ವೆಂಕಟರಮಣಾ, ಮಾತು ಮಾತೇ. ನನ್ನ ಮಗ್ಗ ಮನೆಗೆ ಬರ್ಲಿ.”

“ಅಕ್ಕ, ಆ ಜಕಾರ್ಡು ನಿಂಗೆ...”

“ಗೊತ್ತು. ಗುರುವಾರ ಎರಡರಿಂದಲೂ ಸೀರೆ ಇಳೀತದೆ. ಆಮೇಲೆ ಮುಚ್ಕೊಳ್ಳಿ. ಶುಕ್ರವಾರ ಟೆಂಪೋ ಕಳಿಸ್ತೀನಿ. ಅರ್ಧ ಸೀರೆ ಇರೋ ಮಗ್ಗ ಎತ್ತೋದು ನಮ್ಮಲ್ಲಿಲ್ಲ, ಅದಕ್ಕೇ ಗುರುವಾರದ ತನಕ.”

ವಾಪಸ್ ಬರುವಾಗ ಮಾವ ಮನೆಯ ಗೇಟಿನ ಹತ್ತಿರ ನಿಂತು, “ನನ್ನ ಮಾತು ನಂಬಿ ಶೆಡ್ಡಿಗೆ ಮೊದಲು ಹೂಂ ಅಂದೋಳೇ ಅವಳು,” ಎಂದಷ್ಟೇ ಹೇಳಿದರು.

ಗುರುವಾರ ಸಂಜೆ ಪಿಳ್ಳಣ್ಣ ಎರಡೂ ಸೀರೆ ಕತ್ತರಿಸಿ ಮಡಿಸಿಟ್ಟ. ನಾನು ಬೀದಿಯವರಿಗೆಲ್ಲ ಮೊದಲೇ ಹೇಳಿದ್ದೆ. ಕೆಲವರು ಗೊಣಗಿದರು, ಅಮ್ಮಯಮ್ಮ ಎರಡು ದಿನ ಮಾತು ಬಿಟ್ಟರು. ಡಬ್ಬದೊಳಗೆ ಹೋಗಿ, ನನ್ನ ಕಂಪ್ಯೂಟರ್ ಹೊರತು ಬೇರೆ ಯಾರು ಬಂದರೂ ಬಾಗಿಲು ತೆಗೆಯಬೇಡ ಎಂದು ಬರೆದೆ. ಬರೆದು ಉಳಿಸುವುದಕ್ಕೆ ಮೊದಲು ನನ್ನ ಫೋನಿನಲ್ಲೊಮ್ಮೆ ಪುಟ ತೆರೆದು ನೋಡಿದೆ. ‘ನಾಗಲಕ್ಷ್ಮಮ್ಮ’ ಎಂದು ಬರೆದ ಚೌಕಗಳೆರಡೂ ಸೀರೆ ಇಳಿದು ಬೂದಿಯಾಗಿದ್ದವು. ಉಳಿಸಿದೆ. ಫೋನಿನ ಬಿಳಿ ಹಾಳೆಯ ನಡುವೆ ಪುಟ್ಟ ಚಕ್ರ ಸುತ್ತತೊಡಗಿತು.

ಶುಕ್ರವಾರ ಪೂಜೆಯಾಯಿತು. ಡಬ್ಬ ಬೀಳಲಿಲ್ಲ. ಪೂಜೆ ಮುಗಿದ ಹೊತ್ತಿನಿಂದ ಎಲ್ಲರೂ ಒಂದು ಕಿವಿ ಕೊಟ್ಟು ಕಾಯುತ್ತಿದ್ದರು, ಸದ್ದು ನಿಲ್ಲಲಿಲ್ಲ. ನಾನು ಮಾತ್ರ ಗೇಟಿನ ಕಡೆ ನೋಡುತ್ತಿದ್ದೆ. ಪಿಳ್ಳಣ್ಣ ಬೆಳಿಗ್ಗೆ ಬಂದವನೇ ಎರಡೂ ಮಗ್ಗದಲ್ಲಿ ಹೊಸ ಸೀರೆ ಹಿಡಿದಿದ್ದ. ನಾನು ಅವನಿಗೆ ಬೇಡ ಅನ್ನಲಿಲ್ಲ. ಹೇಳಬೇಕಾದವರು ನಾಗಲಕ್ಷ್ಮಮ್ಮ. ಮಾವ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಧ್ಯಾಹ್ನವಾಯಿತು. ಟೆಂಪೋ ಬರಲಿಲ್ಲ.

ಸಂಜೆ ಮೇಘನಳನ್ನು ಕರೆತರಲು ಹೋದಾಗ ಮಾವನೂ ಜೊತೆಗೆ ಬಂದರು. ಬೀದಿಯ ತಿರುವಿನಲ್ಲೇ ಮೇಘನ ಓಡಿಬಂದಳು.

“ತಾತಾ, ಇವತ್ತು ಅಜ್ಜಿ ಪಿಳ್ಳಣ್ಣ ಮಾಮಂಗೆ ಬೈದ್ರಂತೆ! ಆಮೇಲೆ ಟೆಂಪೋ ಮಾಮಂಗೂ ಬೈದ್ರಂತೆ!”

ನಾಗಲಕ್ಷ್ಮಮ್ಮ ಒಳಗಿಂದಲೇ, “ಬಾ, ಬಾ. ನೋಡ್ಕೊಂಡು ಹೋಗಕ್ಕೆ ಬಂದ್ಯಾ?” ಎಂದರು.

ನಡೆದದ್ದು ಇಷ್ಟು. ಬೆಳಿಗ್ಗೆಯೇ ಬೈರೇಶನ ಟೆಂಪೋ ಅವರ ಬಾಗಿಲಿಗೆ ಬಂದಿತ್ತು. ಮಗ್ಗ ಖಾಲಿ ಇದೆಯಾ, ಈಗಲೇ ಹೋಗಿ ಎತ್ತಬಹುದಾ ಎಂದು ಬೈರೇಶ ಕೇಳಿದ. ನಾಗಲಕ್ಷ್ಮಮ್ಮ ಅಭ್ಯಾಸದ ಮೇಲೆ ಫೋನು ತೆಗೆದರು. ಬಿಳಿ ಹಾಳೆಯಲ್ಲಿ ಚಕ್ರ ಸುತ್ತುತ್ತಿತ್ತು. ಹೊಸ ಸೀರೆ ಹಿಡಿಯಬೇಡ ಎಂದು ಪಿಳ್ಳಣ್ಣನಿಗೆ ಹೇಳುವುದು ಅವರಿಗೆ ಹೊಳೆದಿರಲೇ ಇಲ್ಲ. ಇಷ್ಟು ವರ್ಷ ಚೌಕ ನೋಡಿ ಬೈಯುವುದಕ್ಕೆ ಮಾತ್ರ ಅವನಿಗೆ ಫೋನ್ ಮಾಡಿದ್ದರು. ಮುಂಚಿತವಾಗಿ ಏನನ್ನೂ ಹೇಳಿದ ರೂಢಿ ಇರಲಿಲ್ಲ. ಈಗ ಮಗ್ಗದಲ್ಲಿ ಸೀರೆ ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಎತ್ತುವಂತಿಲ್ಲ. ತಿಳಿಯದೆ ಟೆಂಪೋ ಕಳಿಸುವಂತೆಯೂ ಇಲ್ಲ.

“ಬೈರೇಶ ಬಾಗಿಲಲ್ಲಿ ಹಾರನ್ ಹೊಡೀತಾ ನಿಂತವ್ನೆ,” ಎಂದರು ನಾಗಲಕ್ಷ್ಮಮ್ಮ. “ಏನ್ ಮಾಡ್ಲಿ? ಪಿಳ್ಳಣ್ಣಂಗೆ ಮಾಡ್ದೆ. ‘ಮಗ್ಗ ಓಡ್ತಾ ಇದೆಯೇನೋ’ ಅಂತ ಕೇಳ್ದೆ. ಅವನಿಗೆ ಆ ಸದ್ದಲ್ಲಿ ನನ್ನ ಮಾತೇ ಕೇಳ್ಸಲ್ಲ. ‘ಆಂ? ಆಂ?’ ಅಂತಾನೆ. ‘ಓಡ್ತಾ ಇದೆಯೇನೋ ಮುಂಡೇದೆ’ ಅಂತ ಕಿರುಚ್ದೆ. ಆಗ ಆ ಬುದ್ಧಿವಂತ ಏನ್ ಮಾಡ್ದ ಗೊತ್ತಾ? ನೀವೇ ಕೇಳ್ಕೊಳ್ಳಿ ಅಂತ ಫೋನ್ ತಗೊಂಡೋಗಿ ಮಗ್ಗದ ಪಟ್ಟಿ ಮೇಲಿಟ್ಟ. ಇಟ್ಟು ಅವನ ಪಾಡಿಗೆ ನೇಯ್ತಾ ನಿಂತ. ಕಟ್ ಮಾಡೋದೂ ಮರೆತ.”

“ಆಮೇಲೆ?” ಎಂದರು ಮಾವ.

“ಆಮೇಲೆ ಏನು. ಕೇಳ್ತಾ ಕೂತೆ.”

ಹಿಂದಿನ ಕೋಣೆಯಿಂದ ಒಗ್ಗರಣೆಯ ವಾಸನೆ ಬಂತು. ದಿವ್ಯ ಬಂದಿದ್ದಳು.

“ಅದೇ ಎಡಗಡೆ ಮಗ್ಗ,” ಎಂದರು ನಾಗಲಕ್ಷ್ಮಮ್ಮ. “ಲಾಳಿ ಹೋಗಿ ಹೊಡ್ಕೊಳ್ಳೋದು ಹಂಗೇ ಇದೆ. ಆ ಹಾಳು ಚೌಕ ಮಿಣಮಿಣ ಅಂತಿತ್ತು ಅಷ್ಟೆ, ಸದ್ದಿರ್ಲಿಲ್ಲ. ಮನೆಯಿಂದ ಮಗ್ಗ ಹೋದ ಮೇಲೆ ಇವತ್ತೇ ಕೇಳಿದ್ದು. ಬೈರೇಶ ಹಾರನ್ ಹೊಡ್ದ, ಸುಮ್ನಿರೋ ಕೇಳ್ಸಲ್ಲ ಅಂದೆ. ಇನ್ನೊಂದ್ಸಲ ಹೊಡ್ದ, ಬೈದು ಕಳಿಸ್ದೆ.”

ಮೇಘನ ನನ್ನ ಕೈ ಜಗ್ಗಿ, “ಅಮ್ಮಾ, ಅಜ್ಜಿ ಸ್ಪೀಕರ್ ಹಾಕ್ಕೊಂಡೇ ನಿದ್ದೆ ಮಾಡ್ಬಿಟ್ಟಿದ್ರಂತೆ. ದಿವ್ಯಕ್ಕ ಬಂದಾಗ ಫೋನ್ ಸತ್ತೋಗಿತ್ತಂತೆ,” ಎಂದಳು.

“ನಿದ್ದೆ ಅಲ್ಲ ಕಣೆ, ಕಣ್ಮುಚ್ಚಿದ್ದೆ.”

ಮಾವ ಹೊಸ್ತಿಲ ಮೇಲೆ ಕೂತರು. “ಹಂಗಾದ್ರೆ ಮಗ್ಗ ಅಲ್ಲೇ ಇರ್ಲಾ ಅಕ್ಕ?”

“ಇರ್ಲಿ. ಸೂರು ಎತ್ತರ ಮಾಡ್ಸೋ ಶಕ್ತಿ ಇಲ್ಲ ನಂಗೆ. ದಿನಾ ಬೆಳಿಗ್ಗೆ ಪಿಳ್ಳಣ್ಣ ಫೋನ್ ಮಾಡಿ ಮಗ್ಗದ ಹತ್ರ ಇಡ್ಲಿ, ಅಷ್ಟು ಹೇಳು ಅವನಿಗೆ. ಅನಿತಾ, ಆ ಹೊಸ ಪುಟಾನೋ ಏನೋ ಮಾಡ್ತೀನಿ ಅಂದ್ಯಲ್ಲ, ಅದನ್ನ ಅಮ್ಮಯಮ್ಮಂಗೆ ಮಾಡ್ಕೊಡು. ನನಗವಸರ ಇಲ್ಲ. ನೀನೂ ಸ್ವಲ್ಪ ಮಲಗು, ಕಣ್ಣು ನೋಡು ಹೆಂಗಾಗಿದೆ.”

“ಆಗ್ಲಿ ದೊಡ್ಡಮ್ಮ.”

“ಆದ್ರೆ ವೆಂಕಟರಮಣಾ.” ಅವರು ಮಾವನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಮಗ್ಗ ಓಡ್ತಾ ಇದೆಯಾ ಅಂತ ನಾನು ಇನ್ನೊಬ್ಬರನ್ನ ಕೇಳ್ಬೇಕಾಯ್ತು. ಅದು ಗೊತ್ತಿರ್ಲಿ ನಿಂಗೆ.”

“ಗೊತ್ತಕ್ಕ,” ಎಂದರು ಮಾವ.

ದಿವ್ಯ ಎಲ್ಲರಿಗೂ ಕಾಫಿ ತಂದಳು. ಕುಡಿದು, ಮೇಘನಳ ಬ್ಯಾಗು ಎತ್ತಿಕೊಂಡು ಮೂವರೂ ಮನೆಗೆ ಹೊರಟೆವು. ನಾಗಲಕ್ಷ್ಮಮ್ಮನ ಮಗ್ಗಗಳು ಶೆಡ್ಡಿನಲ್ಲೇ ಇವೆ. ಮಾವ ಅವರಿಗೆ ಕೊಟ್ಟಿದ್ದ ಮಾತು ಮಾತ್ರ ಮುರಿಯಿತು.